ಸತತ 94 ಸೋಲು, ಆದರೂ ಮುಚ್ಚದ ತಂಡ

ಸಕಲೇಶಪುರ, ಆಲೂರು ಕಡೆ ಬೆಳೆದ ನಮಗೆ ಆಟ ಅಂದ್ರೆ ಟೆನಿಸ್ ಬಾಲ್ ಕ್ರಿಕೆಟ್, ವಾಲಿಬಾಲ್, ಕಬಡ್ಡಿ. ಜೂನ್‌ನಲ್ಲಿ ಮಳೆ ಹಿಡಿದರೆ ಮೈದಾನವೆಲ್ಲ ಕೆಸರು. ಬೇಸಿಗೆಯಲ್ಲೂ ಜೋರಾಗಿ ಹೊಡೆದ ಚೆಂಡು ಇಳಿಜಾರಲ್ಲಿ ಉರುಳಿ ಕಾಫಿ ತೋಟ ಸೇರುತ್ತೆ. ಬೇಸ್‌ಬಾಲ್ ನಮ್ಮ ಗುಡ್ಡಗಳಿಗೆ ದೂರದ ಆಟ. ಆದರೂ ಟೋಕಿಯೊ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡದ ಕಥೆಯನ್ನು ನಾವು ಇಲ್ಲಿ ಹೇಳಹೊರಟಿದ್ದೇವೆ. ಯಾಕಂದ್ರೆ ಅದು ನಮ್ಮ ಹಾಗೆಯೇ ಪ್ರವೇಶ ಪರೀಕ್ಷೆ ಬರೆದು ಸೀಟು ಪಡೆದವರ ತಂಡ.

ಮೊದಲು ಆಟದ ಪರಿಚಯ. ತಂಡಕ್ಕೆ 9 ಜನ, ಪಂದ್ಯಕ್ಕೆ 9 ಇನಿಂಗ್ಸ್. ಮೈದಾನದಲ್ಲಿ ಒಂದು ಚೌಕ, ಅದರ ಪ್ರತಿ ಬದಿ 27.43 ಮೀಟರ್. ನಾಲ್ಕು ಮೂಲೆಗಳೇ ನಾಲ್ಕು ಬೇಸ್. ಪಿಚರ್ 18.44 ಮೀಟರ್ ದೂರದಿಂದ, ನೆಲಕ್ಕೆ ಪುಟಿಸದೆ ಚೆಂಡೆಸೆಯುತ್ತಾನೆ. ಬ್ಯಾಟರ್ ಹೊಡೆದು ಓಡಬೇಕು. ಮೂರು ಬೇಸ್ ಮುಟ್ಟಿ ಹೊರಟ ಜಾಗಕ್ಕೆ ಮರಳಿದರೆ ಒಂದು ರನ್. ಮೂವರು ಔಟಾದರೆ ಎದುರಾಳಿಗಳ ಸರದಿ.

ಜಪಾನಿಗೆ ಈ ಆಟ ಬಂದಿದ್ದು ತರಗತಿಯ ಮೂಲಕ. 1872ರಲ್ಲಿ ಹೊರೇಸ್ ವಿಲ್ಸನ್ ಎಂಬ ಅಮೆರಿಕನ್ ಮೇಷ್ಟ್ರು ಟೋಕಿಯೊದ ಶಾಲೆಯೊಂದರಲ್ಲಿ ಹುಡುಗರಿಗೆ ಇದನ್ನು ಕಲಿಸಿದರು. ಆ ಶಾಲೆಯೇ ಮುಂದೆ ಟೋಕಿಯೊ ವಿಶ್ವವಿದ್ಯಾಲಯದ ಭಾಗವಾಯಿತು. ಕನ್ನಡ ಸಂಘದವರಾದ ನಮಗೆ ಇನ್ನೊಂದು ವಿಷಯ ಹಿಡಿಸಿತು. ಹೈಕು ಕವಿ ಮಸಾವೊಕಾ ಶಿಕಿ ವಿದ್ಯಾರ್ಥಿಯಾಗಿದ್ದಾಗ ಬೇಸ್‌ಬಾಲ್ ಆಡುತ್ತಿದ್ದರು. ಬ್ಯಾಟರ್, ರನ್ನರ್‌ನಂಥ ಪದಗಳಿಗೆ ಜಪಾನಿ ಪದಗಳನ್ನೂ ಕೊಟ್ಟರು. ಆಟಕ್ಕೆ ‘ಯಾಕ್ಯೂ’, ಅಂದರೆ ‘ಬಯಲ ಚೆಂಡು’, ಎಂಬ ಹೆಸರನ್ನು 1894ರಲ್ಲಿ ಇಟ್ಟವರು ಚೂಮಾನ್ ಕನಾಯೆ. ಇಬ್ಬರೂ ಜಪಾನಿನ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ.

1925ರಲ್ಲಿ ಟೋಕಿಯೊದ ಆರು ವಿಶ್ವವಿದ್ಯಾಲಯಗಳ ಲೀಗ್ ಶುರುವಾಯಿತು: ವಾಸೆದಾ, ಕೇಯೊ, ಮೇಜಿ, ಹೋಸೆ, ರಿಕ್ಯೊ ಮತ್ತು ಟೋಕಿಯೊ. ಮೊದಲ ಐದು ಖಾಸಗಿ. ಅಲ್ಲಿ ಹೈಸ್ಕೂಲಿನಲ್ಲೇ ಹೆಸರು ಮಾಡಿದ ಆಟಗಾರರಿಗೆ ಕ್ರೀಡೆಯ ಬಲದಿಂದಲೂ ಪ್ರವೇಶ ಸಿಗುತ್ತದೆ. ಟೋಕಿಯೊದಲ್ಲಿ ಆ ದಾರಿ ಇಲ್ಲ, ದೇಶದಲ್ಲೇ ಅತಿ ಕಠಿಣವೆನಿಸಿದ ಪರೀಕ್ಷೆ ಪಾಸಾಗಲೇಬೇಕು. ಹಾಗಾಗಿ ಈ ತಂಡ ಒಮ್ಮೆಯೂ ಚಾಂಪಿಯನ್ ಆಗಿಲ್ಲ. 1946ರ ವಸಂತದಲ್ಲಿ ಬಂದ ಎರಡನೇ ಸ್ಥಾನವೇ ಅದರ ಅತ್ಯುತ್ತಮ ಸಾಧನೆ.

2010ರ ಶರತ್ಕಾಲದ ಒಂದು ಗೆಲುವಿನ ನಂತರ ತಂಡ ಸೋಲತೊಡಗಿತು. ಲೆಕ್ಕ ನೋಡಿ: ವರ್ಷಕ್ಕೆ ಎರಡು ಸೀಸನ್, ಐದು ಎದುರಾಳಿಗಳು, ಒಬ್ಬೊಬ್ಬರೊಂದಿಗೂ ಯಾರಾದರೂ ಎರಡು ಪಂದ್ಯ ಗೆಲ್ಲುವವರೆಗೆ ಆಟ. ಅಂದರೆ ಗೆಲ್ಲದ ತಂಡಕ್ಕೆ ಸೀಸನ್ನಿಗೆ 10 ಸೋಲು ಖಾತ್ರಿ. 2013ರಲ್ಲಿ ಯೊಮಿಯುರಿ ಜೈಂಟ್ಸ್‌ನ ಮಾಜಿ ಪಿಚರ್ ಮಸುಮಿ ಕುವಾತಾ ತರಬೇತಿ ಕೊಡಲು ಬಂದರು. ಸೋಲು ಆಗಲೂ ನಿಲ್ಲಲಿಲ್ಲ. 2011ರ ಏಪ್ರಿಲ್‌ನಲ್ಲಿ ಸೇರಿ 2015ರ ಮಾರ್ಚ್‌ನಲ್ಲಿ ಪದವಿ ಪಡೆದ ಆಟಗಾರ ಲೀಗ್‌ನಲ್ಲಿ ಒಂದೇ ಒಂದು ಗೆಲುವನ್ನೂ ಕಾಣದೆ ಹೊರಟ. ಅಷ್ಟಾದರೂ ಪ್ರತಿವರ್ಷ ಹೊಸಬರು ಸೇರುತ್ತಲೇ ಇದ್ದರು. 2015ರ ಮೇ 23ರಂದು, 94 ಸೋಲುಗಳ ಬಳಿಕ, ತಂಡ ಹೋಸೆಯನ್ನು 6–4ರಿಂದ ಸೋಲಿಸಿತು. ಕೆಲ ವರ್ಷಗಳ ಬಳಿಕ ಮತ್ತೆ ಸತತ 64 ಸೋಲು. 2021ರ ಮೇ 30ರಂದು ಮತ್ತೆ ಹೋಸೆ ಮೇಲೆಯೇ 2–0 ಗೆಲುವು.

ನಮ್ಮ ಕಾಲೇಜು ತಂಡಗಳ ಕಥೆ ಬೇರೆ. ಒಂದು ಬ್ಯಾಚ್ ಚೆನ್ನಾಗಿ ಆಡುತ್ತೆ, ಫೈನಲ್ ಇಯರ್‌ನವರು ಹೊರಟ ಕೂಡಲೇ ತಂಡವೂ ಹೋಗುತ್ತೆ. ಎರಡು ಪಂದ್ಯ ಸೋತರೆ ಮುಂದಿನ ಪ್ರಾಕ್ಟೀಸಿಗೆ ಐದೇ ಜನ. ಮೂರು ವರ್ಷದ ಹಿಂದೆ ಯಾರು ಆಡಿದ್ದರು, ಯಾರೆದುರು ಸೋತೆವು ಅಂತ ಕೇಳಿದರೆ ಹೇಳುವವರಿಲ್ಲ. ಇದಕ್ಕೆ ದೊಡ್ಡ ಮೈದಾನವೋ ಹೆಸರಾಂತ ಕೋಚೋ ಬೇಕಿಲ್ಲ. ಪ್ರತಿ ತಂಡದಲ್ಲಿ ಇಬ್ಬರಾದರೂ ಸೆಕೆಂಡ್ ಇಯರ್‌ನವರು ಇರಲಿ. ಹೆಸರು, ತಾರೀಖು, ಸ್ಕೋರು ಬರೆದಿಡಲು ಒಂದು ನೋಟ್‌ಬುಕ್ ಇರಲಿ, ಸೋತ ಪಂದ್ಯದ್ದೂ ಸೇರಿ. ಟೋಕಿಯೊದ 94 ಸೋಲು ಇಂದು ನಮಗೆ ಗೊತ್ತಿರುವುದು ಯಾರೋ ಪ್ರತಿಯೊಂದನ್ನೂ ಲೆಕ್ಕ ಇಟ್ಟಿದ್ದರಿಂದಲೇ ಅಲ್ವಾ?