ಮತಪೆಟ್ಟಿಗೆಯ ಕೀಲಿ ವಿದ್ಯಾರ್ಥಿಗಳ ಕೈಯಲ್ಲಿ

ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಹಾಸ್ಟೆಲುಗಳಿಗೆ ನದಿಗಳ ಹೆಸರು. ಗಂಗಾ, ಗೋದಾವರಿ, ಪೆರಿಯಾರ್. ನಮ್ಮ ಕಾವೇರಿಯೂ ಉಂಟು. ಚುನಾವಣೆ ಬಂತೆಂದರೆ ಈ ಹಾಸ್ಟೆಲುಗಳ ಮೆಸ್‌ನಲ್ಲಿ ಊಟದ ತಟ್ಟೆಯ ಪಕ್ಕಕ್ಕೇ ಕರಪತ್ರ ಬರುತ್ತದೆ. ಊಟ ಮುಗಿದ ಮೇಲೆ ಅದೇ ಜಾಗ ಸಭಾಂಗಣ. ಭಾಷಣ ಮಾಡಿದವರು ಪ್ರಶ್ನೆಗೂ ಉತ್ತರಿಸಬೇಕು.

ಜೆಎನ್‌ಯು ವಿದ್ಯಾರ್ಥಿ ಸಂಘದ ಹೆಸರು ಸುದ್ದಿಯಾಗುವುದು ಹೆಚ್ಚಾಗಿ ಘೋಷಣೆ, ಗಲಾಟೆಗಳ ಕಾರಣಕ್ಕೆ. ಅದರ ನಿಜವಾದ ಸತ್ವವಿರುವುದು ಸಂಘವನ್ನು ನಡೆಸುವ ಬಗೆಯಲ್ಲಿ.

ಕೇಂದ್ರ ಸಮಿತಿಯಲ್ಲಿ ನಾಲ್ಕು ಹುದ್ದೆ: ಅಧ್ಯಕ್ಷ, ಉಪಾಧ್ಯಕ್ಷ, ಪ್ರಧಾನ ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ. ಈ ನಾಲ್ವರನ್ನು ಇಡೀ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ನೇರವಾಗಿ ಆರಿಸುತ್ತಾರೆ. ಭಾಷೆ, ಸಮಾಜ ವಿಜ್ಞಾನ, ಅಂತರರಾಷ್ಟ್ರೀಯ ಅಧ್ಯಯನ ಮೊದಲಾದ 'ಸ್ಕೂಲ್‌'ಗಳಿಂದ ಕೌನ್ಸಿಲರ್‌ಗಳು ಬರುತ್ತಾರೆ. ಎಲ್ಲರ ಮೇಲಿರುವುದು ಸರ್ವಸದಸ್ಯರ ಸಭೆ. ದೊಡ್ಡ ನಿರ್ಧಾರಗಳಿಗೆ ನಾಯಕರು ಅಲ್ಲಿಗೆ ಬಂದು ಒಪ್ಪಿಗೆ ಕೇಳಬೇಕು.

ಚುನಾವಣಾ ಆಯೋಗದಲ್ಲಿರುವವರೂ ವಿದ್ಯಾರ್ಥಿಗಳೇ. ನಾಮಪತ್ರ ಪರಿಶೀಲಿಸುವುದು, ಮತಗಟ್ಟೆ ನಡೆಸುವುದು, ಎಣಿಸುವುದು ಅವರದೇ ಹೊಣೆ. ಮತದಾನಕ್ಕೆ ಮುಂಚೆ ನಡೆಯುವ ಅಧ್ಯಕ್ಷೀಯ ಚರ್ಚೆಯಲ್ಲಿ ಅಭ್ಯರ್ಥಿಗಳು ಪರಸ್ಪರ ಪ್ರಶ್ನಿಸುತ್ತಾರೆ, ಸಭಿಕರೂ ಪ್ರಶ್ನಿಸುತ್ತಾರೆ. ಹಣವಿದ್ದು ಮಾತು ಬಾರದವರಿಗೆ ಆ ರಾತ್ರಿ ಬಲು ದೀರ್ಘ.

ಈ ಪ್ರಶ್ನಿಸುವ ಅಭ್ಯಾಸ ಕ್ಯಾಂಪಸ್ಸಿನ ಗೇಟಿನಲ್ಲಿ ನಿಲ್ಲಲಿಲ್ಲ. ತುರ್ತು ಪರಿಸ್ಥಿತಿ ಮುಗಿದು, 1977ರ ಚುನಾವಣೆಯಲ್ಲಿ ಸೋತ ಮೇಲೂ ಇಂದಿರಾ ಗಾಂಧಿ ವಿಶ್ವವಿದ್ಯಾಲಯದ ಕುಲಾಧಿಪತಿಯಾಗಿಯೇ ಉಳಿದಿದ್ದರು. ಆ ಸೆಪ್ಟೆಂಬರ್‌ನಲ್ಲಿ ಸಂಘದ ಅಧ್ಯಕ್ಷ ಸೀತಾರಾಮ್ ಯೆಚೂರಿ ವಿದ್ಯಾರ್ಥಿಗಳೊಂದಿಗೆ ಅವರ ಮನೆಗೇ ಹೋಗಿ, ರಾಜೀನಾಮೆ ಕೇಳುವ ಮನವಿಯನ್ನು ಅವರೆದುರೇ ಓದಿದರು. ಇಂದಿರಾ ನಿಂತು ಕೇಳಿಸಿಕೊಂಡರು. ಬಳಿಕ ಹುದ್ದೆ ಬಿಟ್ಟರು.

ಸಂಘದ ದಾರಿ ಸಲೀಸಾಗಿರಲಿಲ್ಲ. ದೇಶದ ಅನೇಕ ಕ್ಯಾಂಪಸ್ಸುಗಳಲ್ಲಿ ಹಣಬಲ, ತೋಳ್ಬಲ ಹೆಚ್ಚಿದ್ದರಿಂದ ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಸಮಿತಿ ನಿಯಮಗಳನ್ನು ರೂಪಿಸಿತು. ಸುಪ್ರೀಂ ಕೋರ್ಟ್ 2006ರಲ್ಲಿ ಅವನ್ನು ಜಾರಿಗೊಳಿಸಿತು. ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು, ಮುದ್ರಿತ ಪೋಸ್ಟರ್ ಸಲ್ಲದು, ಸಂಶೋಧನಾ ವಿದ್ಯಾರ್ಥಿಯ ವಯಸ್ಸು 28 ದಾಟಿರಬಾರದು. ನೇರ ಚುನಾವಣೆಗೆ ಆ ಸಮಿತಿಯ ವರದಿ ಮಾದರಿಯಾಗಿ ತೋರಿಸಿದ ಕ್ಯಾಂಪಸ್ಸುಗಳಲ್ಲಿ ಜೆಎನ್‌ಯು ಕೂಡ ಒಂದು. ಆದರೂ ಅದೇ ನಿಯಮಗಳನ್ನು ಪಾಲಿಸಿಲ್ಲವೆಂದು 2008ರಲ್ಲಿ ಕೋರ್ಟ್ ಇಲ್ಲಿಯ ಚುನಾವಣೆಗೆ ತಡೆ ನೀಡಿತು. ಕೆಲವು ಷರತ್ತುಗಳು ಸಡಿಲವಾದ ಮೇಲೆ, 2012ರ ಮಾರ್ಚ್‌ನಲ್ಲಷ್ಟೇ ಮತ್ತೆ ಮತದಾನ ನಡೆಯಿತು. 2019ರ ನಂತರ ಇನ್ನೊಂದು ದೀರ್ಘ ವಿರಾಮ; 2024ರ ಮಾರ್ಚ್‌ನಲ್ಲಿ ಅದು ಮುಗಿಯಿತು. ಎರಡೂ ಸಲ ವಿದ್ಯಾರ್ಥಿಗಳು ತಮ್ಮದೇ ಆಯೋಗ ಕಟ್ಟಿಕೊಂಡು ಮತಪೆಟ್ಟಿಗೆಗೆ ಮರಳಿದರು.

ಕರ್ನಾಟಕದಲ್ಲಿ ಕಾಲೇಜು ಚುನಾವಣೆಗಳು ನಿಂತು ಮೂರು ದಶಕ ದಾಟಿದೆ. ಹದಿನೆಂಟು ತುಂಬಿದವರು ಶಾಸಕರನ್ನು ಆರಿಸುತ್ತಾರೆ. ಆದರೆ ಹಾಸ್ಟೆಲಿನ ನೀರು, ಗ್ರಂಥಾಲಯದ ವೇಳೆಯ ಬಗ್ಗೆ ಮಾತಾಡಬೇಕಾದ ಪ್ರತಿನಿಧಿಯನ್ನು ಆರಿಸುವ ಹಕ್ಕು ಬಹಳ ಕಡೆ ಅವರಿಗಿಲ್ಲ. ಹಿಂದಿನ ಹೊಡೆದಾಟಗಳನ್ನು ಕಂಡ ಹೆತ್ತವರ ಭಯ ಸುಳ್ಳಲ್ಲ. ಅದಕ್ಕೆ ಜೆಎನ್‌ಯು ತೋರಿಸುವ ಮದ್ದು ಬೀಗವಲ್ಲ, ಹೊಣೆ. ನಮ್ಮಲ್ಲಿ ಚುನಾವಣೆ ಮರಳುವುದಾದರೆ ಅಭ್ಯರ್ಥಿಗಳನ್ನು ಹುಡುಕುವ ಮೊದಲು ವಿದ್ಯಾರ್ಥಿಗಳದೇ ಚುನಾವಣಾ ಆಯೋಗ ಹುಟ್ಟಲಿ. ಸೋತವರೂ ನಂಬುವಂತೆ ಮತ ಎಣಿಸಲು ಕಲಿತ ಇಪ್ಪತ್ತರ ಹುಡುಗಿ, ನಾಳೆ ಯಾವ ಕಚೇರಿಯಲ್ಲಿ ಕೂತರೂ ಲೆಕ್ಕ ತಪ್ಪಿಸಲಾರಳು.