ಕಾಲ್ನಡಿಗೆಗೂ ಸೈಕಲ್ಲಿಗೂ ಒಲಿದ ಕೋಪನ್‌ಹೇಗನ್

ಬೆಳಗಿನ ಎಂಟು ಗಂಟೆಗೆ ಕೋಪನ್‌ಹೇಗನ್‌ನ ರಾಣಿ ಲೂಯಿಸ್ ಸೇತುವೆಯ ಮೇಲೆ ನಿಂತರೆ ಸೈಕಲ್ ಚೈನುಗಳ ಸದ್ದು ಕೇಳುತ್ತದೆ. ಡೆನ್ಮಾರ್ಕಿನ ರಾಜಧಾನಿಯ ಎರಡು ಕೆರೆಗಳ ನಡುವೆ ಹಾದುಹೋಗುವ ಈ ಸೇತುವೆ ನೋರೆಬ್ರೊ ಬಡಾವಣೆಯನ್ನು ಹಳೆಯ ಪೇಟೆಗೆ ಸೇರಿಸುತ್ತದೆ. ಕೋಟು ತೊಟ್ಟು ಕಚೇರಿಗೆ ಹೊರಟವರು, ಬೆನ್ನಿಗೆ ಪಿಟೀಲು ಪೆಟ್ಟಿಗೆ ಏರಿಸಿಕೊಂಡ ಹುಡುಗಿ, ಸೈಕಲ್ಲಿನ ಮುಂದಿನ ಮರದ ತೊಟ್ಟಿಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡ ಅಪ್ಪ, ನೆಟ್ಟಗೆ ಕೂತು ನಿಧಾನವಾಗಿ ತುಳಿಯುವ ಅಜ್ಜಿ, ಎಲ್ಲರೂ ಒಂದೇ ಹರಿವಿನಲ್ಲಿ ಬರುತ್ತಾರೆ. ಯಾರ ಮೈಮೇಲೂ ಸವಾರಿಗೆಂದೇ ತೊಟ್ಟ ವಿಶೇಷ ಉಡುಪಿಲ್ಲ. ಕೆಲಸದ ದಿನಗಳಲ್ಲಿ ಈ ಸೇತುವೆಯನ್ನು ಸುಮಾರು 40,000 ಸೈಕಲ್ಲುಗಳು ದಾಟುತ್ತವೆ.

ಸೇತುವೆಯಿಂದ ಮುಂದೆ ಸಾಗುವ ನೋರೆಬ್ರೊಗೇಡ್ ರಸ್ತೆಯ ಸಿಗ್ನಲ್ಲುಗಳನ್ನು ಸೈಕಲ್ಲಿನ ವೇಗಕ್ಕೆ ಹೊಂದಿಸಿದ್ದಾರೆ. ಬೆಳಿಗ್ಗೆ ಊರೊಳಗೆ ಬರುವವರು ಗಂಟೆಗೆ 20 ಕಿ.ಮೀ. ವೇಗ ಕಾಯ್ದುಕೊಂಡರೆ ದೀಪಗಳು ಒಂದಾದ ಮೇಲೊಂದು ಹಸಿರಾಗುತ್ತ ಹೋಗುತ್ತವೆ, ಕಾಲು ನೆಲಕ್ಕೆ ಊರುವ ಪ್ರಮೇಯವೇ ಬರುವುದಿಲ್ಲ. ಸಂಜೆ ಮನೆಗೆ ಹೊರಟವರಿಗೆ ಇದೇ ಅನುಕೂಲ ಎದುರು ದಿಕ್ಕಿಗೆ ಸಿಗುತ್ತದೆ.

ಈ ಊರಿಗೆ ಬಂದವರು ಸಾಮಾನ್ಯವಾಗಿ ಅರಮನೆ, ಬಂದರು ಮತ್ತು ಬಂಡೆಯ ಮೇಲೆ ಕೂತ ಮತ್ಸ್ಯಕನ್ಯೆಯ ಪುಟ್ಟ ಪ್ರತಿಮೆಯನ್ನು ನೋಡಿ ಹೋಗುತ್ತಾರೆ. ಎಡ್ವರ್ಡ್ ಎರಿಕ್ಸನ್ 1913ರಲ್ಲಿ ಮಾಡಿದ ಆ ಪ್ರತಿಮೆಯ ಮುಂದೆ ಸದಾ ಜನಜಂಗುಳಿ. ನನ್ನನ್ನು ಕೇಳಿದರೆ, ಕೋಪನ್‌ಹೇಗನ್‌ನಲ್ಲಿ ನೋಡಲೇಬೇಕಾದದ್ದು ಅದರ ಫುಟ್‌ಪಾತಿನ ಅಂಚುಗಲ್ಲು. ಯಾವುದಾದರೂ ದೊಡ್ಡ ರಸ್ತೆಯ ಪಕ್ಕ ಹತ್ತು ನಿಮಿಷ ನಿಂತು ಗಮನಿಸಿ. ಕಾರುಗಳಿಗೆ ಡಾಂಬರು ರಸ್ತೆ. ಅದಕ್ಕಿಂತ ನಾಲ್ಕು ಬೆರಳು ಎತ್ತರದಲ್ಲಿ ಸೈಕಲ್ ದಾರಿ, ಮತ್ತೊಂದು ಅಂಚುಗಲ್ಲು ಹತ್ತಿದರೆ ಫುಟ್‌ಪಾತ್. ನಿಲ್ಲಿಸಿದ ಕಾರುಗಳೆಲ್ಲ ಸೈಕಲ್ ದಾರಿಯ ಆಚೆಗೆ, ರಸ್ತೆಯ ಕಡೆಗಿರುತ್ತವೆ. ಹಾಗಾಗಿ ಓಡುವ ವಾಹನಕ್ಕೂ ಸೈಕಲ್ಲಿಗೂ ನಡುವೆ ತಾನಾಗಿಯೇ ಒಂದು ಗೋಡೆ ಎದ್ದಂತಾಗುತ್ತದೆ. ಫುಟ್‌ಪಾತಿಗೆ ಕಾಂಕ್ರೀಟ್ ಚಪ್ಪಡಿಗಳ ಸಾಲುಗಳನ್ನು ಹಾಸಿ, ನಡುವೆ ಪುಟ್ಟ ಗ್ರಾನೈಟ್ ಕಲ್ಲುಗಳ ಪಟ್ಟಿ ಕೊಟ್ಟಿದ್ದಾರೆ. ಗಾಲಿಕುರ್ಚಿ, ಮಕ್ಕಳ ತಳ್ಳುಗಾಡಿಗಳು ಚಪ್ಪಡಿಯ ಮೇಲೆ ಕುಲುಕದೆ ಉರುಳುತ್ತವೆ.

ಸಣ್ಣ ಅಡ್ಡರಸ್ತೆ ಬಂದಾಗ ಇನ್ನೊಂದು ಸಂಗತಿ ಕಾಣುತ್ತದೆ. ಅನೇಕ ಕಡೆ ಫುಟ್‌ಪಾತೂ ಸೈಕಲ್ ದಾರಿಯೂ ಅಲ್ಲಿ ತುಂಡಾಗುವುದಿಲ್ಲ, ಅದೇ ಎತ್ತರದಲ್ಲಿ ಅಡ್ಡರಸ್ತೆಯ ಬಾಯನ್ನು ದಾಟಿ ಮುಂದುವರಿಯುತ್ತವೆ. ನಡೆಯುವವರು ಇಳಿದು ಹತ್ತಬೇಕಾಗಿಲ್ಲ. ಇಳಿದು ಹತ್ತುವ ಕೆಲಸ ಕಾರಿನದು. ಚಾಲಕರು ಬೇರೆಯವರ ಮನೆಯ ಹೊಸ್ತಿಲು ದಾಟುವವರಂತೆ ವೇಗ ತಗ್ಗಿಸಿ, ಆಚೀಚೆ ನೋಡಿ ದಾಟುತ್ತಾರೆ. ಪೊಲೀಸರಾಗಲಿ ಎಚ್ಚರಿಕೆಯ ಫಲಕವಾಗಲಿ ಬೇಕಾಗುವುದಿಲ್ಲ, ಒಂದು ಕಲ್ಲಿನ ಎತ್ತರವೇ ಆ ಕೆಲಸ ಮಾಡುತ್ತದೆ. ದೊಡ್ಡ ಕೂಡುರಸ್ತೆಗಳಲ್ಲಿ ಸೈಕಲ್ ಸಾಗುವ ಪಟ್ಟಿಗೆ ನೀಲಿ ಬಣ್ಣ ಬಳಿದಿರುತ್ತಾರೆ. ಕಾರುಗಳು ನಿಲ್ಲಬೇಕಾದ ಗೆರೆಯನ್ನು ಸೈಕಲ್ಲಿನವರ ಗೆರೆಗಿಂತ ಕೆಲವು ಮೀಟರ್ ಹಿಂದೆಯೇ ಎಳೆದಿರುತ್ತಾರೆ. ಎಷ್ಟೋ ಕಡೆ ಸೈಕಲ್ಲಿನ ಪುಟ್ಟ ಹಸಿರು ದೀಪ ಕಾರಿನದಕ್ಕಿಂತ ಕೆಲವು ಕ್ಷಣ ಮೊದಲೇ ಹೊತ್ತಿಕೊಳ್ಳುತ್ತದೆ, ದೊಡ್ಡ ಗಾಡಿ ತಿರುಗುವ ಹೊತ್ತಿಗೆ ಸೈಕಲ್ಲು ಚಾಲಕನ ಕಣ್ಣೆದುರಿಗೇ ಬಂದಿರಲಿ ಎಂದು. ಕೆಲವು ಸಿಗ್ನಲ್ಲುಗಳಲ್ಲಿ ಕಾಲೂರಲು ಒಂದು ಕಂಬಿ ಇದೆ, ಹಿಡಿದುಕೊಳ್ಳಲು ಇನ್ನೊಂದು. ಓಡುವ ಸೈಕಲ್ಲಿನಿಂದಲೇ ಕಸ ಎಸೆಯಲಿ ಎಂದು ದಾರಿಯ ಕಡೆಗೆ ಬಾಗಿಸಿ ನಿಲ್ಲಿಸಿದ ಕಸದ ಬುಟ್ಟಿಗಳೂ ಇವೆ. ಹಿಮ ಬಿದ್ದರೆ ಮುಖ್ಯ ಸೈಕಲ್ ದಾರಿಗಳನ್ನು ನಸುಕಿನಲ್ಲೇ ಗುಡಿಸುತ್ತಾರೆ.

ಸೈಕಲ್ ಡೇನರ ರಕ್ತದಲ್ಲೇ ಇದೆ, ನೆಲವೂ ಸಮತಟ್ಟು, ಹಾಗಾಗಿ ಅವರಿಗೆ ಇದು ಸುಲಭ ಎಂದು ಬಹಳ ಜನ ಹೇಳುತ್ತಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ನೆಲ ಸಮತಟ್ಟು ಎನ್ನುವುದು ನಿಜ. ಎರಡನೇ ಮಹಾಯುದ್ಧಕ್ಕೆ ಮೊದಲೇ ಈ ಊರಿನ ತುಂಬ ಸೈಕಲ್ಲುಗಳಿದ್ದದ್ದೂ ನಿಜ. ಆದರೆ ಐವತ್ತು ಅರವತ್ತರ ದಶಕಗಳಲ್ಲಿ ಇಲ್ಲಿಯವರೂ ಕಾರಿನ ಹಿಂದೆ ಬಿದ್ದರು. ಚೌಕಗಳೆಲ್ಲ ಪಾರ್ಕಿಂಗ್ ಜಾಗಗಳಾದವು. ಇಂದು ಬಣ್ಣಬಣ್ಣದ ಮನೆಗಳ ಚಿತ್ರಗಳಿಂದ ಜಗತ್ತಿಗೆಲ್ಲ ಪರಿಚಿತವಾಗಿರುವ ನ್ಯೂಹಾವ್ನ್ ಕಾಲುವೆಯ ದಂಡೆಯಲ್ಲೂ 1980ರವರೆಗೆ ಕಾರುಗಳೇ ನಿಂತಿರುತ್ತಿದ್ದವು. 1972ರಲ್ಲಿ ಕೊನೆಯ ಟ್ರಾಂ ಓಡಿ ನಿಂತಿತು. ಊರ ನಡುವಿನ ಕೆರೆಗಳ ಅಂಚಿನುದ್ದಕ್ಕೂ ದೊಡ್ಡ ಮೋಟಾರು ಹೆದ್ದಾರಿ ತರುವ ಯೋಜನೆಯೂ ತಯಾರಾಗಿತ್ತು. ಅದೇನಾದರೂ ಆಗಿದ್ದರೆ ರಾಣಿ ಲೂಯಿಸ್ ಸೇತುವೆಯ ಮೇಲೆ ಈಗ ಬೆಂಚಿನ ಮೇಲೆ ಕೂತು ಬಿಸಿಲು ಕಾಯುವವರ ಕೆಳಗೆ ಲಾರಿಗಳು ಓಡುತ್ತಿದ್ದವು. ಜನರ ವಿರೋಧ ಮತ್ತು ಹಣದ ಅಭಾವ ಸೇರಿ ಆ ಯೋಜನೆಯನ್ನು ಕೈಬಿಡುವಂತೆ ಮಾಡಿದವು. ಅಂಥ ಊರು ಹೇಗಿರುತ್ತಿತ್ತು ಎಂದು ನೋಡಬೇಕಿದ್ದರೆ ವಾಯವ್ಯ ದಿಕ್ಕಿನಲ್ಲಿರುವ ಬಿಸ್ಪೆಎಂಗ್‌ಬುಯೆನ್ ಎಂಬ ಮೇಲ್ಸೇತುವೆಗೆ ಹೋಗಬೇಕು. 1972ರಲ್ಲಿ ತೆರೆದ ಅದು ವಸತಿ ಕಟ್ಟಡಗಳ ಕಿಟಕಿಗಳಿಗೆ ತಾಗುವಷ್ಟು ಹತ್ತಿರ ಹಾದುಹೋಗುತ್ತದೆ.

1973ರ ತೈಲ ಬಿಕ್ಕಟ್ಟು ಡೆನ್ಮಾರ್ಕಿಗೆ ಬಲವಾದ ಪೆಟ್ಟು ಕೊಟ್ಟಿತು. ಇಂಧನಕ್ಕೆ ಬಹುಪಾಲು ಹೊರಗಿನ ತೈಲವನ್ನೇ ನಂಬಿದ್ದ ದೇಶ ಭಾನುವಾರಗಳಂದು ಕಾರು ಓಡಿಸುವುದನ್ನೇ ನಿಷೇಧಿಸಿತು. ಬರಿದಾದ ಹೆದ್ದಾರಿಗಳಲ್ಲಿ ಜನ ನಡೆದರು, ಸೈಕಲ್ ತುಳಿದರು. ಮುಂದಿನ ವರ್ಷಗಳಲ್ಲಿ ಸಾವಿರಾರು ಸವಾರರು ಸೈಕಲ್ ದಾರಿ ಬೇಕೆಂದು ಪುರಭವನದ ಚೌಕಕ್ಕೆ ಮೆರವಣಿಗೆ ಬಂದರು. 1905ರಲ್ಲಿ ಹುಟ್ಟಿದ ಡೇನಿಷ್ ಸೈಕಲ್ ಸವಾರರ ಒಕ್ಕೂಟ ಇದರಲ್ಲಿ ಮುಂದಿತ್ತು. ವಾಹನ ಬಡಿದು ಸವಾರರು ಸತ್ತ ಜಾಗಗಳಲ್ಲಿ ರಸ್ತೆಯ ಮೇಲೆ ಬಿಳಿ ಶಿಲುಬೆ ಬರೆದರು. ಇಂದಿನ ಜಾಲದ ದೊಡ್ಡ ಭಾಗ ಆ ನಂತರದ ದಶಕಗಳಲ್ಲಿ ಬೀದಿ ಬೀದಿಯಾಗಿ ಕಟ್ಟಿದ್ದು. ಇದರ ಜತೆಗೆ ಕಾರು ಕೊಳ್ಳುವವರ ಮೇಲೆ ಭಾರೀ ನೋಂದಣಿ ತೆರಿಗೆಯಿದೆ. ಬೆಲೆ ಒಂದು ಮಟ್ಟ ದಾಟಿದ ಮೇಲೆ ಅದು ಶೇ 150ಕ್ಕೆ ಮುಟ್ಟುತ್ತದೆ. ಪರಿಣಾಮವಾಗಿ, 2016ರ ಎಣಿಕೆಯಲ್ಲಿ ಊರ ನಡುಭಾಗಕ್ಕೆ ಬರುವ ಸೈಕಲ್ಲುಗಳ ಸಂಖ್ಯೆ ಮೊದಲ ಸಲ ಕಾರುಗಳ ಸಂಖ್ಯೆಯನ್ನು ಮೀರಿತು.

ನಡೆಯುವವರ ಕಥೆ ಇನ್ನೂ ಹಿಂದಿನದು. ಪುರಭವನದ ಚೌಕದಿಂದ ಕೊಂಗೆನ್ಸ್ ನ್ಯೂಟೋರ್ವ್ ಚೌಕದವರೆಗೆ ಸುಮಾರು 1.1 ಕಿ.ಮೀ. ಉದ್ದಕ್ಕೆ ಒಂದಕ್ಕೊಂದು ಕೂಡಿಕೊಂಡಿರುವ ಅಂಗಡಿ ಬೀದಿಗಳ ಸಾಲೇ ಸ್ಟ್ರೋಯೆಟ್. 1962ರ ನವೆಂಬರ್ 17ರಂದು ಇಲ್ಲಿ ಪ್ರಯೋಗವೆಂದು ಕಾರುಗಳನ್ನು ತಡೆದರು. ಅಂಗಡಿಯವರು ವ್ಯಾಪಾರ ಮುಳುಗೀತೆಂದು ಹೆದರಿದರು. ಬೀದಿಯಲ್ಲಿ ಅಡ್ಡಾಡಿ ಹರಟಲು ನಾವೇನು ಇಟಲಿಯವರೇ, ಈ ಚಳಿಯಲ್ಲಿ ಯಾರು ಬರುತ್ತಾರೆ ಎಂದು ಟೀಕಿಸಿದವರೂ ಇದ್ದರು. ಜನ ಬಂದರು. ಎರಡೇ ವರ್ಷದಲ್ಲಿ ವ್ಯವಸ್ಥೆ ಕಾಯಂ ಆಯಿತು. ಆ ಬೀದಿಯಲ್ಲಿ ಯಾರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ ಎಂದು ಕುಳಿತು ಎಣಿಸಿದವರು ವಾಸ್ತುಶಿಲ್ಪಿ ಯಾನ್ ಗೆಹ್ಲ್. ಕಟ್ಟಡಗಳ ನಡುವಿನ ಬದುಕಿನ ಬಗ್ಗೆ ಅವರು 1971ರಲ್ಲಿ ಬರೆದ ಪುಸ್ತಕವನ್ನು ಜಗತ್ತಿನಾದ್ಯಂತ ನಗರ ಯೋಜಕರು ಈಗಲೂ ಓದುತ್ತಾರೆ. ವಾಹನಗಳನ್ನು ಎಣಿಸುವ ಇಲಾಖೆ ಎಲ್ಲ ಊರಲ್ಲೂ ಇದೆ. ಮನುಷ್ಯರನ್ನು ಎಣಿಸಿದ್ದರಿಂದಲೇ ಈ ಊರಿಗೆ ಬೆಂಚು ಎಲ್ಲಿ ಬೇಕು, ನೆರಳು ಎಲ್ಲಿ ಬೇಕು ಎಂಬುದು ತಿಳಿಯಿತು.

ಇಂದಿನ ಸ್ಟ್ರೋಯೆಟ್‌ನಲ್ಲಿ ಜಗತ್ತಿನ ಯಾವ ಊರಲ್ಲೂ ಸಿಗುವ ಬ್ರ್ಯಾಂಡ್ ಮಳಿಗೆಗಳೇ ಹೆಚ್ಚು. ಹಾಗಾಗಿ ಅದನ್ನು ಒಮ್ಮೆ ನಡೆದು ಮುಗಿಸಿ, ಪಕ್ಕದ ಸಂದುಗಳಿಗೆ ನುಗ್ಗುವುದು ಒಳ್ಳೆಯದು. ಗ್ರೋಬ್ರೋಡ್ರೆಟೋರ್ವ್ ಎಂಬ ಪುಟ್ಟ ಚೌಕದಲ್ಲಿ ಹಳೆಯ ದೊಡ್ಡ ಮರದ ಕೆಳಗೆ ಊಟದ ಮೇಜುಗಳಿವೆ. ಅಲ್ಲಿಂದ ಕೂಗಳತೆಯಲ್ಲಿ 1642ರಲ್ಲಿ ಮುಗಿದ ದುಂಡುಗೋಪುರ. ಅದರೊಳಗೆ ತುದಿಯ ಸ್ವಲ್ಪ ಭಾಗ ಬಿಟ್ಟರೆ ಮೆಟ್ಟಿಲುಗಳಿಲ್ಲ. ಇಟ್ಟಿಗೆ ಹಾಸಿದ 209 ಮೀಟರ್ ಉದ್ದದ ಇಳಿಜಾರು ದಾರಿ ಸುತ್ತುತ್ತ ಮೇಲೇರುತ್ತದೆ. ರಷ್ಯಾದ ದೊರೆ ಪೀಟರ್ 1716ರಲ್ಲಿ ಕುದುರೆಯ ಮೇಲೆಯೇ ಹತ್ತಿದ್ದನೆಂದು ಹೇಳುತ್ತಾರೆ. ಮಂಡಿನೋವಿನ ಹಿರಿಯರೂ ಆರಾಮವಾಗಿ ಹತ್ತಬಹುದು.

ಈ ಗೋಪುರ ಕಟ್ಟಿಸಿದ ದೊರೆ ನಾಲ್ಕನೇ ಕ್ರಿಸ್ಟಿಯನ್‌ನಿಗೂ ನಮ್ಮ ದಕ್ಷಿಣ ಭಾರತಕ್ಕೂ ನಂಟಿದೆ. 1616ರಲ್ಲಿ ಡೇನಿಷ್ ಈಸ್ಟ್ ಇಂಡಿಯಾ ಕಂಪನಿಗೆ ಸನದು ಕೊಟ್ಟವನು ಅವನೇ. 1618ರಲ್ಲಿ ಇಲ್ಲಿಂದ ಹೊರಟ ಹಡಗುಗಳ ನಾಯಕ ಓವೆ ಗೆಡ್ಡೆ, ವಿಜಯನಗರದ ಸಾಮಂತ ಮನೆತನಕ್ಕೆ ಸೇರಿದ ತಂಜಾವೂರಿನ ರಘುನಾಥ ನಾಯಕನ ಜತೆ ಒಪ್ಪಂದ ಮಾಡಿಕೊಂಡು 1620ರಲ್ಲಿ ತರಂಗಂಬಾಡಿಯಲ್ಲಿ ಕೋಟೆ ಕಟ್ಟಿಸತೊಡಗಿದ. 1845ರಲ್ಲಿ ಡೇನರು ಅದನ್ನು ಬ್ರಿಟಿಷರಿಗೆ ಮಾರಿದರು. ಕೋಪನ್‌ಹೇಗನ್ ಬಂದರಿನ ದಂಡೆಯಲ್ಲಿ ನಾಲ್ಕು ಡ್ರ್ಯಾಗನ್ ಬಾಲಗಳನ್ನು ಹೆಣೆದಂಥ ಶಿಖರವಿದ್ದ ಹಳೆಯ ಷೇರುಪೇಟೆ ಕಟ್ಟಡವೂ ಕ್ರಿಸ್ಟಿಯನ್ನನದೇ. 2024ರ ಏಪ್ರಿಲ್ 16ರ ಬೆಂಕಿಯಲ್ಲಿ ಆ ಶಿಖರ ಕುಸಿದುಬಿತ್ತು. ಕಟ್ಟಡವನ್ನು ಮತ್ತೆ ಎಬ್ಬಿಸುವ ಕೆಲಸ ಕೈಗೆತ್ತಿಕೊಂಡಿದ್ದಾರೆ.

ಬಂದರಿನ ನೀರಿಗೆ ತೊಂಬತ್ತರ ದಶಕದವರೆಗೂ ಮಳೆ ಬಂದಾಗಲೆಲ್ಲ ಚರಂಡಿ ಉಕ್ಕಿ ಸೇರುತ್ತಿತ್ತು. ಉಕ್ಕುವ ನೀರನ್ನು ಹಿಡಿದಿಡಲು ನೆಲದಡಿ ತೊಟ್ಟಿಗಳನ್ನು ಕಟ್ಟಿ, ಕೊಳವೆಗಳನ್ನು ಸರಿಪಡಿಸಿದ ಮೇಲೆ 2002ರಲ್ಲಿ ಇಸ್ಲ್ಯಾಂಡ್ಸ್ ಬ್ರುಗ್ಗೆಯಲ್ಲಿ ಈಜುವ ತಾಣ ತೆರೆದರು. ಪ್ರವೇಶ ಉಚಿತ. ಬೇಸಿಗೆಯ ಸಂಜೆ ಕಚೇರಿ ಮುಗಿಸಿದವರು ಸೈಕಲ್ ನಿಲ್ಲಿಸಿ, ಬಟ್ಟೆ ಬದಲಿಸಿ ನೇರ ನೀರಿಗೆ ಧುಮುಕುತ್ತಾರೆ.

ಈ ಬಂದರಿನ ಮೇಲೆ ಸೈಕಲ್ ಮತ್ತು ಕಾಲ್ನಡಿಗೆಗೆಂದೇ ಕಟ್ಟಿದ ಸೇತುವೆಗಳು ಹಲವಿವೆ. 2014ರಲ್ಲಿ ತೆರೆದ ಸಿಕೆಲ್‌ಸ್ಲಾಂಗೆನ್ ಕಿತ್ತಳೆ ಬಣ್ಣದ ಹಾಸಿನ ಸೈಕಲ್ ಮೇಲ್ಸೇತುವೆ, ನೀರಿನ ಮೇಲೆ ಬಳುಕುತ್ತ ಸಾಗುತ್ತದೆ. ಅದಕ್ಕೆ ಮೊದಲು ಸವಾರರು ಸೈಕಲ್ ಹೊತ್ತು ಮೆಟ್ಟಿಲಿಳಿದು, ಪಕ್ಕದ ಮಾಲ್‌ಗೆ ಬಂದವರ ನಡುವೆ ನುಸುಳಬೇಕಿತ್ತು. ಕಲಾವಿದ ಓಲಾಫುರ್ ಎಲಿಯಾಸನ್ ರೂಪಿಸಿದ ಸರ್ಕೆಲ್‌ಬ್ರೊ ಸೇತುವೆ 2015ರದು. ಐದು ವೃತ್ತಗಳನ್ನು ಒಂದಕ್ಕೊಂದು ಜೋಡಿಸಿದಂತಿರುವ ಅದರ ಮೇಲೆ ನೇರ ದಾರಿಯೇ ಇಲ್ಲ. ಓಡುವವರ ವೇಗ ತಗ್ಗಲಿ, ಒಂದು ಗಳಿಗೆ ನಿಂತು ನೀರು ನೋಡಲಿ ಎಂದೇ ಹಾಗೆ ಮಾಡಿದ್ದು. ಬೇಗ ತಲುಪಿಸುವ ಸೇತುವೆಯಷ್ಟೇ ಆಸ್ಥೆಯಿಂದ ನಿಧಾನಿಸುವ ಸೇತುವೆಯನ್ನೂ ಕಟ್ಟಿದ ಈ ಊರಿನ ಮೇಲೆ ನನಗೆ ಗೌರವ ಹೆಚ್ಚಿದ್ದು ಅಲ್ಲಿ.

ನೋರೆಬ್ರೊದ ಹಳದಿ ಗೋಡೆಯ ಅಸಿಸ್ಟೆನ್ಸ್ ಸ್ಮಶಾನವನ್ನೂ ಬಿಡಬೇಡಿ. ಕಥೆಗಾರ ಆಂಡರ್ಸನ್, ತತ್ತ್ವಜ್ಞಾನಿ ಕಿರ್ಕೆಗಾರ್ಡ್, ವಿಜ್ಞಾನಿ ನೀಲ್ಸ್ ಬೋರ್ ಇಲ್ಲಿದ್ದಾರೆ. ಎತ್ತರದ ಪಾಪ್ಲರ್ ಮರಗಳ ಸಾಲಿನ ನಡುವೆ ಸೈಕಲ್ ದಾರಿ ಹಾದುಹೋಗುತ್ತದೆ, ಹುಲ್ಲಿನ ಮೇಲೆ ತಾಯಂದಿರು ಮಕ್ಕಳನ್ನು ಆಡಿಸುತ್ತಿರುತ್ತಾರೆ.

ಹೋಗುವವರಿಗೆ ಕೆಲವು ಮಾತು. ಷೆಂಗೆನ್ ವೀಸಾ ಬೇಕು, ಚಲಾವಣೆಯಲ್ಲಿರುವುದು ಯೂರೋ ಅಲ್ಲ, ಡೇನಿಷ್ ಕ್ರೋನ. ಊರು ದುಬಾರಿ, ಆದರೆ ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು. ವಿಮಾನ ನಿಲ್ದಾಣದಿಂದ ಚಾಲಕರಿಲ್ಲದ ಮೆಟ್ರೊ ಕಾಲು ಗಂಟೆಯಲ್ಲಿ ಪೇಟೆಗೆ ತಲುಪಿಸುತ್ತದೆ. ರೈ ಬ್ರೆಡ್ಡಿನ ತೆರೆದ ಸ್ಯಾಂಡ್‌ವಿಚ್ ಆದ ಸ್ಮೋರ್‌ಬ್ರೋಡ್‌ನಲ್ಲಿ ಆಲೂಗಡ್ಡೆಯದೂ ಸಿಗುತ್ತದೆ, ಮೊಟ್ಟೆ ತಿನ್ನದವರು ಮೇಯೊನೇಸ್ ಬೇಡವೆಂದು ಹೇಳಬೇಕು. ಮೇನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಜೂನ್‌ನಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕಿರುತ್ತದೆ, ಡಿಸೆಂಬರ್‌ನಲ್ಲಿ ನಾಲ್ಕಕ್ಕೆ ಮೊದಲೇ ಕತ್ತಲು. ಬಾಡಿಗೆ ಸೈಕಲ್ ಹೋಟೆಲುಗಳಲ್ಲೂ ಸಿಗುತ್ತದೆ. ಹತ್ತುವ ಮುನ್ನ ನಿಯಮ ತಿಳಿದಿರಲಿ: ಇಲ್ಲಿ ಬಲಗಡೆಗೆ ಸಾಗಬೇಕು. ನಿಲ್ಲುವ ಮುಂಚೆ ಕೈ ಮೇಲೆತ್ತಿ ಹಿಂದಿನವರಿಗೆ ತಿಳಿಸಬೇಕು. ಎಡಕ್ಕೆ ಹೋಗುವವರು ಮೊದಲು ನೇರ ದಾಟಿ, ಆಚೆ ಬದಿಯಲ್ಲಿ ನಿಂತು, ನಂತರ ತಿರುಗಬೇಕು. ಬೆಳಗಿನ ದಟ್ಟಣೆಯಲ್ಲಿ ಅನುಮಾನಿಸುತ್ತ ತುಳಿದರೆ ಹಿಂದಿನಿಂದ ಗಂಟೆ ಬಾರಿಸುತ್ತಾರೆ, ಹೊಸಬರು ಹತ್ತು ಗಂಟೆಯ ಮೇಲೆ ಹೊರಡುವುದು ಲೇಸು.

ಒಂದು ದಿನ ಹೆಚ್ಚಿಗೆ ಸಿಕ್ಕರೆ ಊರಾಚೆ ಹೋಗಿ. 1947ರ ಯೋಜನೆಯಂತೆ ಹಳೆಯ ಪೇಟೆಯನ್ನು ಅಂಗೈಯಾಗಿಟ್ಟುಕೊಂಡು, ರೈಲು ಮಾರ್ಗಗಳ ಉದ್ದಕ್ಕೆ ಬಡಾವಣೆಗಳನ್ನು ಬೆರಳುಗಳಂತೆ ಚಾಚಿ, ನಡುವಿನ ಹಸಿರನ್ನು ಉಳಿಸಿಕೊಂಡಿದ್ದಾರೆ. ಎಸ್-ಟ್ರೇನ್ ಎಂಬ ಉಪನಗರ ರೈಲಿನಲ್ಲಿ ಸೈಕಲ್ಲಿಗೆ ಟಿಕೆಟ್ ಬೇಕಿಲ್ಲ. ಕ್ಲಾಂಪೆನ್‌ಬೋರ್ಗ್‌ನಲ್ಲಿ ಇಳಿದರೆ ಜಿಂಕೆಗಳ ಹಿಂಡು ಮೇಯುವ, ಕಾರುಗಳಿಗೆ ಪ್ರವೇಶವಿಲ್ಲದ ಡ್ಯೂರ್‌ಹಾವನ್ ಕಾಡು ಸಿಗುತ್ತದೆ. ಮರಳುವಾಗ ಕಡಲ ದಂಡೆಯ ರಸ್ತೆ ಹಿಡಿದು ಸೈಕಲ್ಲಿನಲ್ಲೇ ಊರಿಗೆ ಬನ್ನಿ. ಎದುರುಗಾಳಿ ಜೋರಾಗಿದ್ದರೆ ನಡುವೆ ಹೆಲ್ಲೆರುಪ್ ನಿಲ್ದಾಣದಲ್ಲಿ ಸೈಕಲ್ ಸಮೇತ ರೈಲು ಹತ್ತಬಹುದು.