ರಕ್ತಪಿಶಾಚಿ: ಗೋರಿಯಿಂದ ಬೆಳ್ಳಿತೆರೆಗೆ

ಸತ್ತವನು ಗೋರಿಯಿಂದೆದ್ದು ಬಂದು ಬದುಕಿರುವವರ ರಕ್ತವನ್ನು ಹೀರುತ್ತಾನೆಂಬುದು ಯೂರೋಪಿನ ಹಳೆಯ ನಂಬಿಕೆಗಳಲ್ಲೊಂದು. ಅಂಥ ಪಿಶಾಚಿಗೆ 'ವ್ಯಾಂಪೈರ್' ಎಂದು ಹೆಸರು. ಅಮೆರಿಕದ ಲೇಖಕಿ ಸ್ಟೆಫನಿ ಮೇಯರ್ ತರುಣ ಓದುಗರಿಗಾಗಿ 2005ರಲ್ಲಿ ಪ್ರಕಟಿಸಿದ 'ಟ್ವೈಲೈಟ್' ಕಾದಂಬರಿಯಲ್ಲಿ ಇಂಥವನೊಬ್ಬನೇ ನಾಯಕ. 2008ರಲ್ಲಿ ಕ್ಯಾಥರೀನ್ ಹಾರ್ಡ್‌ವಿಕ್ ಅದನ್ನು ಚಲಚ್ಚಿತ್ರಕ್ಕೆ ಅಳವಡಿಸಿದರು. 2012ರೊಳಗೆ ಈ ಕಥಾಮಾಲೆಯಿಂದ ಐದು ಚಿತ್ರಗಳು ಹೊರಬಂದವು. ವಿಜ್ಞಾನದ ವಿದ್ಯಾರ್ಥಿಯೂ ಇವನ್ನು ನೋಡಿ ಆನಂದಿಸುವುದುಂಟು. ಇಲ್ಲದ ಪಿಶಾಚಿಯನ್ನು ಕಂಡು ಹೆದರುವುದೇಕೆ? ಹೆದರಿಯೂ ಆನಂದಪಡುವುದೆಂತು?

ಕನ್ನಡಿಗಳಿಂದ ತುಂಬಿದ ನೃತ್ಯಶಾಲೆಯಲ್ಲಿ ಕ್ರೂರ ಪಿಶಾಚಿಯೊಂದು ನಾಯಕಿ ಬೆಲ್ಲಾಳನ್ನು ಹಿಡಿಯುವ ದೃಶ್ಯವನ್ನೇ ತೆಗೆದುಕೊಳ್ಳೋಣ. ಅಪಾಯದ ಸುಳಿವನ್ನು ಕ್ಷಣಮಾತ್ರದಲ್ಲಿ ಗ್ರಹಿಸುವ ಭಾಗಗಳು ನಮ್ಮ ಮೆದುಳಿನಲ್ಲಿವೆ. ಅವು ವಿಚಾರಬುದ್ಧಿಯ ಅಪ್ಪಣೆಗಾಗಿ ಕಾಯುವುದಿಲ್ಲ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸೇರಿಸುತ್ತವೆ. ಎದೆಯ ಬಡಿತ ಹೆಚ್ಚುತ್ತದೆ, ಅಂಗೈ ಬೆವರುತ್ತದೆ. ಆದರೆ ಇದು ಬರಿಯ ತೆರೆಯೆಂದು ವಿವೇಕವು ತಿಳಿಸುತ್ತಲೇ ಇರುತ್ತದೆ. ಅಪಾಯವಿಲ್ಲದೆ ಉದ್ವೇಗವಷ್ಟೇ ಉಳಿದಾಗ ಅದು ಉಲ್ಲಾಸವಾಗಿ ಪರಿಣಮಿಸಬಲ್ಲದು. ಹುಲಿಯು ಪಂಜರದೊಳಗಿದ್ದರೆ ಅದರ ಗರ್ಜನೆಯೂ ಸೊಗಸೇ ಅಲ್ಲವೆ?

ಹಾಗಾದರೆ ಈ ಹುಲಿಯ ಸುತ್ತ ಪಂಜರವನ್ನು ಕಟ್ಟಿದವರಾರು? ಹಿಂದೆ ಅದು ಇರಲಿಲ್ಲ. 1725ರಲ್ಲಿ, ಸೆರ್ಬಿಯದ ಕಿಸಿಲ್ಯೆವೊ ಎಂಬ ಹಳ್ಳಿಯಲ್ಲಿ ಪೀಟರ್ ಬ್ಲಾಗೊಯೆವಿಚ್ ಎಂಬ ರೈತನು ತೀರಿಕೊಂಡನು. ಅನಂತರ ಎಂಟು ದಿನಗಳೊಳಗೆ ಒಂಬತ್ತು ಮಂದಿ ಸತ್ತರು. ಅವನೇ ಬಂದು ತಮ್ಮ ಕತ್ತು ಹಿಸುಕಿದನೆಂದು ಅವರು ಸಾಯುವ ಮುನ್ನ ಹೇಳಿದರಂತೆ. ಆ ಪ್ರದೇಶವನ್ನು ಆಗ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಸರ್ಕಾರದ ಅಧಿಕಾರಿಯೊಬ್ಬನ ಸಮ್ಮುಖದಲ್ಲಿಯೇ ಗೋರಿಯನ್ನು ಅಗೆದರು. ಶವದ ಬಾಯಲ್ಲಿ ರಕ್ತವಿತ್ತು. ಹೊಸ ಚರ್ಮವೂ ಉಗುರುಗಳೂ ಬೆಳೆದಂತಿದ್ದವು. ಜನರು ಶವಕ್ಕೆ ಶೂಲವನ್ನು ಚುಚ್ಚಿ ಸುಟ್ಟುಬಿಟ್ಟರು.

ಆ ಹಳ್ಳಿಗರು ಕಂಡುದು ಸುಳ್ಳಾಗಿರಬೇಕಿಲ್ಲ. ಪ್ರಾಣ ಹೋದ ಮೇಲೆ ಕರುಳಿನಲ್ಲಿರುವ ಬ್ಯಾಕ್ಟೀರಿಯಗಳು ಅಂಗಾಂಶಗಳನ್ನು ಕೊಳೆಯಿಸತೊಡಗುತ್ತವೆ. ಆಗ ಹುಟ್ಟುವ ಅನಿಲಗಳಿಂದ ಹೊಟ್ಟೆ ಉಬ್ಬಿ, ಶವವು ಚೆನ್ನಾಗಿ ಉಂಡವನಂತೆ ತೋರುತ್ತದೆ. ಅನಿಲಗಳ ಒತ್ತಡಕ್ಕೆ ರಕ್ತಮಿಶ್ರಿತ ದ್ರವವು ಬಾಯಿಗೂ ಮೂಗಿಗೂ ಬರುತ್ತದೆ. ಮೇಲಿನ ಚರ್ಮ ಸುಲಿದಾಗ ಒಳಗಿನದು ಹೊಸದರಂತೆ ಹೊಳೆಯುತ್ತದೆ. ಬೆರಳಿನ ಚರ್ಮ ಒಣಗಿ ಹಿಂಜರಿಯುವುದರಿಂದ ಉಗುರು ಬೆಳೆದಂತೆ ಕಾಣುತ್ತದೆ. ಶೂಲವನ್ನು ಚುಚ್ಚಿದಾಗ ಶ್ವಾಸನಾಳದ ಮೂಲಕ ಅನಿಲವು ನುಗ್ಗಿ ನರಳಿದ ಸದ್ದೂ ಆಗಬಹುದು. ನೆಲವು ತಣ್ಣಗಿದ್ದರೆ ಕೊಳೆಯುವಿಕೆಯೇ ನಿಧಾನ. ನೋಟ ಸರಿಯಾಗಿಯೇ ಇತ್ತು; ಅದರಿಂದ ತೆಗೆದ ಅನುಮಾನ ಮಾತ್ರ ತಪ್ಪಾಗಿತ್ತು. ಇಂಥ ಸುದ್ದಿಗಳನ್ನು ವೈದ್ಯ ಗೆರಾರ್ಡ್ ಫಾನ್ ಸ್ವೀಟನ್ ಪರಿಶೀಲಿಸಿ, ಇವುಗಳಿಗೆಲ್ಲ ಸ್ವಾಭಾವಿಕ ಕಾರಣಗಳಿವೆಯೆಂದು ವಾದಿಸಿದನು. 1755ರಲ್ಲಿ ಮಹಾರಾಣಿ ಮರಿಯ ತೆರೇಸ ತನ್ನ ರಾಜ್ಯದಲ್ಲಿ ಹೀಗೆ ಗೋರಿಗಳನ್ನು ಅಗೆಯುವುದನ್ನು ನಿಷೇಧಿಸಿದಳು.

ಸಾವಿನ ಹಿಂದೆ ಸಾವು ಬರುತ್ತಿದ್ದುದೇಕೆಂಬುದು ತಿಳಿಯಲು ಇನ್ನೂ ಕಾಲ ಬೇಕಾಯಿತು. ಒಂದೇ ಮನೆಯವರು ಒಬ್ಬರಾದ ಮೇಲೊಬ್ಬರು ಬಿಳಿಚಿಕೊಂಡು, ಸೊರಗಿ, ರಕ್ತ ಕೆಮ್ಮುತ್ತ ಸಾಯುವ ಕ್ಷಯರೋಗಕ್ಕೆ ಸೂಕ್ಷ್ಮಾಣುವೊಂದು ಕಾರಣವೆಂದು ರಾಬರ್ಟ್ ಕಾಕ್ 1882ರಲ್ಲಿ ತೋರಿಸಿಕೊಟ್ಟನು. ಆದರೆ ಸತ್ಯವನ್ನು ಕಂಡುಹಿಡಿದ ಮಾತ್ರಕ್ಕೆ ಅದು ಮನೆಮನೆಗೂ ತಲಪುವುದಿಲ್ಲ. ಹತ್ತು ವರ್ಷಗಳ ತರುವಾಯ, ಅಮೆರಿಕದ ರೋಡ್ ಐಲೆಂಡ್ ಸಂಸ್ಥಾನದ ಎಕ್ಸಿಟರ್ ಎಂಬ ಊರಿನಲ್ಲಿ, ಮರ್ಸಿ ಬ್ರೌನ್ ಎಂಬ 19 ವರ್ಷದ ಹುಡುಗಿ ಕ್ಷಯದಿಂದ ತೀರಿಕೊಂಡಳು. ಅವಳ ತಾಯಿಯೂ ಅಕ್ಕನೂ ಅದಕ್ಕೆ ಮುನ್ನವೇ ಗತಿಸಿದ್ದರು; ತಮ್ಮನೋ ಅಣ್ಣನೋ ಎನ್ನದೆ ಮನೆಯ ಮುಂದಿನ ಸರದಿ ಸಹೋದರ ಎಡ್ವಿನ್ನನದಾಗಿತ್ತು. 1892ರ ಮಾರ್ಚಿಯಲ್ಲಿ ಊರವರು ಅವಳ ಶವವನ್ನು ಹೊರತೆಗೆದರು. ಚಳಿಗಾಲದ ಶೈತ್ಯದಿಂದ ಅದು ಕೆಟ್ಟಿರಲಿಲ್ಲ. ಹೃದಯದಲ್ಲಿ ರಕ್ತವಿದ್ದುದನ್ನು ಕಂಡು ಅದನ್ನು ಸುಟ್ಟು, ಬೂದಿಯನ್ನು ಎಡ್ವಿನ್ನನಿಗೆ ಔಷಧಿಯೆಂದು ಕುಡಿಸಿದರು. ಎರಡು ತಿಂಗಳೊಳಗೆ ಅವನೂ ಸತ್ತನು.

ಈ ಇತಿಹಾಸವನ್ನು ತಿಳಿದು ಚಿತ್ರವನ್ನು ನೋಡುವವರಿಗೆ ಒಂದು ವಿಶೇಷ ಗೋಚರಿಸುತ್ತದೆ. ನಾಯಕ ಎಡ್ವರ್ಡ್ 1918ರ ಇನ್‌ಫ್ಲುಯೆಂಜ ಪಿಡುಗಿನಲ್ಲಿ ಸಾಯುತ್ತಿದ್ದವನು. ಕಾರ್ಲೈಲ್ ಎಂಬ ವೈದ್ಯನು ಅವನನ್ನು ಉಳಿಸಲೆಂದೇ ಪಿಶಾಚಿಯನ್ನಾಗಿ ಮಾಡುತ್ತಾನೆ. ಹಿಂದೆ ಸಾಂಕ್ರಾಮಿಕ ರೋಗದ ಅಪವಾದವನ್ನು ಹೊತ್ತಿದ್ದ ಪಿಶಾಚಿ ಇಲ್ಲಿ ಆಸ್ಪತ್ರೆಯ ವೈದ್ಯನಾಗಿದ್ದಾನೆ! ಅವನ ಕುಟುಂಬಕ್ಕೆ ಪ್ರಾಣಿಗಳ ರಕ್ತವೇ ಆಹಾರ. ಇವರ ಮೈ ಕೊಳೆಯದು; ಬಿಸಿಲಿನಲ್ಲಿ ವಜ್ರದಂತೆ ಮಿನುಗುವುದು. ಆದುದರಿಂದಲೇ ವಾಷಿಂಗ್ಟನ್ ಸಂಸ್ಥಾನದ ಫೋರ್ಕ್ಸ್ ಎಂಬ, ಸದಾ ಮೋಡ ಮುಸುಕಿದ ಮಳೆನಾಡಿನ ನಿಜವಾದ ಊರೊಂದನ್ನು ಅವರು ವಾಸಕ್ಕೆ ಆರಿಸಿಕೊಂಡಿದ್ದಾರೆ.

ಪಿಶಾಚಿಯನ್ನು ನಿಜವೆಂದು ನಂಬಿದ್ದ ಕಾಲದಲ್ಲಿ ಹೀಗೆ ಅದರೊಡನೆ ಆಟವಾಡುವುದು ಸಾಧ್ಯವಿರಲಿಲ್ಲ. ವಿಜ್ಞಾನವು ಕಥೆಯ ಸವಿಯನ್ನು ಕೆಡಿಸುತ್ತದೆಂಬ ದೂರು ಆಗಾಗ್ಗೆ ಕೇಳಿಬರುತ್ತದೆ. ಎಡ್ವಿನ್ನನ ಕಾಲದಲ್ಲಿ ಈ ಕಥೆಗೆ ಸವಿಯೇ ಇರಲಿಲ್ಲವೆಂಬುದನ್ನು ದೂರುವವರು ನೆನೆಯಬೇಕು.